ಬುಧನನ್ನು ತೂಗುವ ಬಗೆ

ಮಿರಜದಲ್ಲಿ ಸಿತಾರ, ತಂಬೂರಿ ಕಟ್ಟುವವರ ಓಣಿಯೊಂದಿದೆ. ಅಬ್ದುಲ್ ಕರೀಂ ಖಾನ್ ಸಾಹೇಬರು ನೆಲೆಸಿದ್ದ ಊರದು. 2024ರಲ್ಲಿ ಅಲ್ಲಿಯ ಸಿತಾರಿಗೂ ತಂಬೂರಿಗೂ ಭೌಗೋಳಿಕ ಸೂಚಕ ಸಿಕ್ಕಿತು. ಒಂದು ಮಧ್ಯಾಹ್ನ ಆ ಓಣಿಯ ಅಂಗಡಿಯಲ್ಲಿ ಹಿರಿಯರೊಬ್ಬರು ಹೊಸ ತಂಬೂರಿಯ ಶ್ರುತಿ ಕೂಡಿಸುತ್ತಿದ್ದರು. ನಡುವಿನ ಎರಡು ತಂತಿಗಳಿಗೆ ಜೋಡಿ ಎನ್ನುತ್ತಾರೆ. ಎರಡೂ ಒಂದೇ ಷಡ್ಜಕ್ಕೆ ನಿಲ್ಲಬೇಕು. ಖುಂಟಿ ತಿರುವಿ ಹತ್ತಿರ ತಂದರು. ಸರಿಯಾಯಿತಲ್ಲ ಎಂದೆ.

“ಇನ್ನೂ ತೂಗಾಡಾಕತ್ತೈತಿ, ಮಾಸ್ತರ. ಕಿವಿಗೊಟ್ಟು ಕೇಳ್ರಿ” ಎಂದರು.

ಬುರುಡೆಯ ಹತ್ತಿರ ಬಾಗಿ ಕೇಳಿದೆ. ನಾದ ಒಂದೇ ಇತ್ತು. ಆದರೆ ತುಂಬಿ ಬರುತ್ತಿತ್ತು, ಬತ್ತುತ್ತಿತ್ತು, ಮತ್ತೆ ತುಂಬುತ್ತಿತ್ತು, ಯಾರೋ ತೊಟ್ಟಿಲು ತೂಗಿದ ಹಾಗೆ. ಅವರು ಕುದುರೆಯ ಕೆಳಗೆ ತಂತಿಯಲ್ಲಿ ಪೋಣಿಸಿದ್ದ ಪುಟ್ಟ ಮಣಿಯನ್ನು ಉಗುರಿನ ಅಂಚಿನಷ್ಟು ಸರಿಸಿದರು. ತೂಗಾಟ ನಿಧಾನವಾಯಿತು. ಇನ್ನೊಂದು ಕೂದಲೆಳೆಯಷ್ಟು ಸರಿಸಿದರು. ನಿಂತಿತು.

ಈ ಲೇಖನದಲ್ಲಿ ಹೇಳಲಿರುವುದೆಲ್ಲ ಆ ಮಣಿಯ ಸುತ್ತಲಿನ ವಿಷಯ. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ಒಂದು ತಂತಿ ಸೆಕೆಂಡಿಗೆ 140 ಸಲ ಕಂಪಿಸುತ್ತದೆ, ಪಕ್ಕದ್ದು 141 ಸಲ ಎಂದುಕೊಳ್ಳಿ. ಇದು ಆ ಸ್ವರ, ಇದು ಈ ಸ್ವರ ಎಂದು ಬೇರೆ ಮಾಡಿ ಹೇಳಲು ಎಂಥ ಪಳಗಿದ ಕಿವಿಯೂ ತಿಣುಕಬೇಕು. ಆದರೆ ಎರಡನ್ನೂ ಒಟ್ಟಿಗೆ ಮೀಟಿದರೆ ಸೆಕೆಂಡಿಗೆ ಒಂದು ತೂಗಾಟ ಕೇಳುತ್ತದೆ. ಅದು ಮಕ್ಕಳಿಗೂ ಕೇಳುತ್ತದೆ. ಹತ್ತು ಸೆಕೆಂಡಿಗೆ ಒಂದು ತೂಗಾಟ ಬಂದರೆ ಎರಡರ ನಡುವಿನ ಅಂತರ ಹತ್ತರಲ್ಲೊಂದು ಪಾಲು ಕಂಪನ ಎಂದರ್ಥ. ತಾಳ್ಮೆಯಿಂದ ಕೇಳಿದಷ್ಟೂ ಅಂತರ ಸೂಕ್ಷ್ಮವಾಗಿ ಸಿಗುತ್ತದೆ.

ಕನ್ನಡದಲ್ಲಿ ತೂಗು ಎಂಬ ಮಾತಿಗೆ ಎರಡು ಅರ್ಥ. ತೊಟ್ಟಿಲು ಆಡಿಸುವುದೂ ತೂಗುವುದೇ, ತಕ್ಕಡಿಯಲ್ಲಿಟ್ಟು ಭಾರ ನೋಡುವುದೂ ತೂಗುವುದೇ. ಗ್ರಹವೊಂದರ ಭಾರ ನೋಡುವ ಕೆಲಸದಲ್ಲಿ ಈ ಎರಡು ಅರ್ಥಗಳೂ ಒಂದೇ ಆಗಿಬಿಡುತ್ತವೆ.

ನನಗೆ ಈ ಪಾಠ ಬರೆಯುವ ಆಸೆ ಹುಟ್ಟಿಸಿದವಳು ಬುಧಗಾಂವದ ಹುಡುಗಿ, ಮನೆಪಾಠಕ್ಕೆ ಬರುವವಳು. ಸಾಂಗಲಿಯ ಪಕ್ಕದ, ಹಿಂದೆ ಕಿರಿಯ ಮಿರಜ ಸಂಸ್ಥಾನದ ರಾಜಧಾನಿಯಾಗಿದ್ದ ಈ ಊರಿನ ಹೆಸರಿನಲ್ಲೇ ಬುಧ ಇರುವುದರಿಂದ ನಮ್ಮ ಮಕ್ಕಳಿಗೆ ಆ ಗ್ರಹದ ಮೇಲೆ ಸ್ವಂತದ ಸಲಿಗೆ. ಬುಧ ಆಕಾಶದಲ್ಲಿ ಸೂರ್ಯನಿಂದ 28 ಡಿಗ್ರಿಗಿಂತ ದೂರ ಸರಿಯುವುದಿಲ್ಲ. ಹಾಗಾಗಿ ಅವನನ್ನು ನೋಡಬೇಕೆಂದರೆ ಸೂರ್ಯ ಮುಳುಗಿದ ಮೇಲೆ ಕಬ್ಬಿನ ಗದ್ದೆಯ ಅಂಚಿನಲ್ಲಿ ನಿಂತು, ಪಡುವಣದ ಕೆಂಪು ಆರುವ ಮೊದಲೇ ಹುಡುಕಬೇಕು. ಹಾಗೊಂದು ಸಂಜೆ ಕಂಡ. ಆ ಹುಡುಗಿ ಕೇಳಿದಳು: “ಸರ, ಬುಧನ ಹೊಟ್ಟ್ಯಾಗ ಕಬ್ಬಿಣ ಐತಿ ಅಂತ ಪುಸ್ತಕದಾಗ ಐತ್ರಿ. ಯಾರೂ ಅಲ್ಲಿ ಇಳದು ಅಗದಿಲ್ಲ. ಹಂಗಾದ್ರ ಹೆಂಗ ಗೊತ್ತಾತು?”

ಉತ್ತರ ಸಾವಧಾನವಾಗಿ ಹೇಳಬೇಕಾದ್ದು. ಗಗನನೌಕೆಯಿಂದ ಶುರು ಮಾಡೋಣ.

ಗ್ರಹವನ್ನು ಸುತ್ತುವ ನೌಕೆ ಇಂಜಿನ್ ಹಚ್ಚಿಕೊಂಡು ಓಡುವ ಬಂಡಿಯಲ್ಲ. ಇಂಜಿನ್ ಆರಿಸಿದ ಮೇಲೆ ಅದೊಂದು ಎಸೆದ ಕಲ್ಲು. ಅದು ಗ್ರಹದ ಕಡೆಗೆ ಬೀಳುತ್ತಲೇ ಇರುತ್ತದೆ, ಪಕ್ಕಕ್ಕೆ ಹೋಗುವ ವೇಗ ಇರುವುದರಿಂದ ನೆಲ ತಾಗುವುದಿಲ್ಲ. ಹೀಗೆ ಬೀಳುವ ವಸ್ತುವಿನ ದಾರಿಯನ್ನು ನಿರ್ಧರಿಸುವುದು ಮುಖ್ಯವಾಗಿ ಗ್ರಹದ ಸೆಳೆತ. ದಾರಿ ಗೊತ್ತಾದರೆ ಸೆಳೆತ ಗೊತ್ತಾಯಿತು.

ಅಮೆರಿಕದ ಮೆಸೆಂಜರ್ ನೌಕೆ 2004ರ ಆಗಸ್ಟ್ 3ರಂದು ಹೊರಟು, 2011ರ ಮಾರ್ಚ್ 18ರಂದು ಬುಧನ ಕಕ್ಷೆ ಸೇರಿತು. ಬುಧನನ್ನು ಸುತ್ತಿದ ಮೊದಲ ನೌಕೆ ಅದು. ಅದರ ಹಾದಿ ಉದ್ದನೆಯ ಮೊಟ್ಟೆಯಾಕಾರದ್ದು: ಹತ್ತಿರ ಬಂದಾಗ ಸುಮಾರು 200 ಕಿಲೋಮೀಟರ್ ಎತ್ತರ, ದೂರ ಹೋದಾಗ ಸುಮಾರು 15,200. ಒಂದು ಸುತ್ತಿಗೆ 12 ಗಂಟೆ. ಹಾದಿಯ ಅಳತೆ, ಸುತ್ತಿನ ಸಮಯ, ಇವೆರಡನ್ನು ಹಿಡಿದುಕೊಂಡು ಕೆಪ್ಲರ್ ಮತ್ತು ನ್ಯೂಟನ್ ಹಾಕಿಕೊಟ್ಟ ಲೆಕ್ಕ ಮಾಡಿದರೆ ಬುಧನ ಒಟ್ಟು ದ್ರವ್ಯರಾಶಿ ಬರುತ್ತದೆ. ಭೂಮಿಯ ಹದಿನೆಂಟರಲ್ಲೊಂದು ಪಾಲು. ಪಿಯುಸಿ ಓದುವವರು ಕಾಗದ ಪೆನ್ನು ಹಿಡಿದು ಒಮ್ಮೆ ಮಾಡಿ ನೋಡಲೇಬೇಕಾದ ಲೆಕ್ಕವಿದು. ಎತ್ತರಕ್ಕೆ ಬುಧನ ತ್ರಿಜ್ಯ 2,440 ಕಿಲೋಮೀಟರ್ ಸೇರಿಸುವುದನ್ನು ಮರೆಯಬೇಡಿ, ಎತ್ತರ ಅಳೆದದ್ದು ನೆಲದಿಂದ, ಕೇಂದ್ರದಿಂದಲ್ಲ.

ಇದು ಒಟ್ಟು ತೂಕ. ಈಗ ಸೂಕ್ಷ್ಮಕ್ಕೆ ಬರೋಣ. ಬುಧ ಪೂರ್ತಿ ಗುಂಡಗೆ, ಪದರ ಪದರವಾಗಿ ಒಂದೇ ಸಮ ಇದ್ದಿದ್ದರೆ ನೌಕೆ ಪ್ರತಿ ಸುತ್ತಿನಲ್ಲೂ ಹಳೆಯ ಗೆರೆಯ ಮೇಲೆಯೇ ನಡೆಯುತ್ತಿತ್ತು. ಆದರೆ ಎಲ್ಲೋ ನೆಲದಡಿ ಭಾರದ ಕಲ್ಲು ದಟ್ಟವಾಗಿದೆ ಎನ್ನಿ. ನೌಕೆ ಅದರತ್ತ ಬರುವಾಗ ಸೆಳೆತ ಮುಂದಕ್ಕೆ ಎಳೆಯುತ್ತದೆ, ವೇಗ ತುಸು ಏರುತ್ತದೆ. ದಾಟಿದ ಮೇಲೆ ಹಿಂದಕ್ಕೆ ಎಳೆಯುತ್ತದೆ, ವೇಗ ತುಸು ತಗ್ಗುತ್ತದೆ. ಈ ತುಸು ಎಂಬುದು ಎಷ್ಟೋ ಸಲ ಸೆಕೆಂಡಿಗೆ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಹತ್ತಾರು ಕೋಟಿ ಕಿಲೋಮೀಟರ್ ಆಚೆ ಓಡುತ್ತಿರುವ ವಸ್ತುವಿನ ವೇಗದಲ್ಲಿ ಅಷ್ಟು ಸಣ್ಣ ವ್ಯತ್ಯಾಸ ಹಿಡಿಯಬೇಕು.

ಹಿಡಿಯುವುದು ಸ್ವರದಿಂದ. ಮಿರಜ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲದೆ ಹೋಗುವ ಗಾಡಿಯ ಹಾರ್ನ್ ಕೇಳಿದ್ದೀರಿ. ಬರುವಾಗ ಒಂದು ಸ್ವರ, ದಾಟಿದ ಕೂಡಲೇ ಇಳಿದ ಸ್ವರ. ಗಾಡಿ ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿದ್ದರೆ ಆ ಇಳಿತ ರಿಷಭದಿಂದ ಷಡ್ಜಕ್ಕೆ ಬಂದದ್ದಕ್ಕಿಂತ ತುಸು ಹೆಚ್ಚೇ. ಹತ್ತಿರ ಬರುವ ಮೂಲದ ಅಲೆಗಳು ಒತ್ತೊತ್ತಾಗುತ್ತವೆ, ದೂರ ಸರಿಯುವ ಮೂಲದ ಅಲೆಗಳು ಬಿಡಿಬಿಡಿಯಾಗುತ್ತವೆ. ಇದಕ್ಕೆ ಡಾಪ್ಲರ್ ಪರಿಣಾಮ ಎನ್ನುತ್ತಾರೆ. ರೇಡಿಯೊ ಅಲೆಗೂ ಇದೇ ನಿಯಮ. ಆದರೆ ರೇಡಿಯೊ ಅಲೆ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುತ್ತದೆ, ಹಾಗಾಗಿ ಸ್ವರದ ಬದಲಾವಣೆ ತೀರಾ ಸಣ್ಣದು.

ಎಷ್ಟು ಸಣ್ಣದು? ನೌಕೆಗಳು ಮಾತಾಡುವ ಒಂದು ಪಟ್ಟಿಯಲ್ಲಿ ಅಲೆ ಸೆಕೆಂಡಿಗೆ ಸುಮಾರು 840 ಕೋಟಿ ಸಲ ಕಂಪಿಸುತ್ತದೆ. ಭೂಮಿಯಿಂದ ನೌಕೆಗೆ ಹೋಗಿ ತಿರುಗಿ ಬರುವ ಅಲೆಯಲ್ಲಿ, ನೌಕೆಯ ವೇಗ ಸೆಕೆಂಡಿಗೆ ಒಂದು ಮೀಟರ್ ಬದಲಾದರೆ, 840 ಕೋಟಿಯಲ್ಲಿ ಬದಲಾಗುವುದು ಬರೀ 56 ಕಂಪನ. ವೇಗ ಸೆಕೆಂಡಿಗೆ 0.1 ಮಿಲಿಮೀಟರ್ ಬದಲಾದರೆ 0.0056 ಕಂಪನ. ಈಗ ಮಿರಜದ ಹಿರಿಯರನ್ನು ನೆನೆಯಿರಿ. ಬಂದ ಅಲೆಯನ್ನೂ ಕೇಂದ್ರದಲ್ಲಿ ಇಟ್ಟುಕೊಂಡ ಅಲೆಯನ್ನೂ ಜೋಡಿ ತಂತಿಗಳಂತೆ ಕೂಡಿಸುತ್ತಾರೆ, ತೂಗಾಟ ಎಣಿಸುತ್ತಾರೆ. 0.0056 ಎಂದರೆ ಸುಮಾರು ಮೂರು ನಿಮಿಷಕ್ಕೆ ಒಂದು ತೂಗಾಟ. ಉಪಕರಣ ಮೂರು ನಿಮಿಷ ಕಾಯುವುದೂ ಇಲ್ಲ. ತೊಟ್ಟಿಲು ಎಷ್ಟು ಬಾಗಿದೆ ಎಂದು ನೋಡಿಯೇ ಅರ್ಧ, ಕಾಲು, ಅದಕ್ಕೂ ಸಣ್ಣ ಪಾಲನ್ನು ಓದುತ್ತದೆ. ಸೆಕೆಂಡಿಗೆ 0.1 ಮಿಲಿಮೀಟರ್ ಅಥವಾ ಅದಕ್ಕಿಂತ ಸೂಕ್ಷ್ಮವಾಗಿ ವೇಗ ಅಳೆಯುವುದು ಇಂದು ದಿನನಿತ್ಯದ ಕೆಲಸ.

1957ರಲ್ಲಿ ಸ್ಪುಟ್ನಿಕ್ ಹಾರಿದಾಗ ಅಮೆರಿಕದ ಗೈಯರ್, ವೈಫನ್‌ಬಾಕ್ ಎಂಬ ಇಬ್ಬರು ಯುವಕರು ಮಾಡಿದ್ದೂ ಇದನ್ನೇ. ಅದರ ಸಿಗ್ನಲ್ಲನ್ನು ಸ್ಥಿರವಾದ ಒಂದು ಸ್ವರದ ಜತೆ ಕೂಡಿಸಿ, ತೂಗಾಟ ಏರಿಳಿಯುವುದನ್ನು ದಾಖಲಿಸಿಕೊಂಡು, ಕೇವಲ ಕಿವಿಗೆ ಸಿಕ್ಕ ಸ್ವರದಿಂದ ಉಪಗ್ರಹದ ಕಕ್ಷೆ ಕಂಡುಹಿಡಿದರು.

ತಂಬೂರಿಯ ಎರಡನೇ ತಂತಿ ತಪ್ಪಿದರೆ ಎಲ್ಲ ತಪ್ಪಿತು. ಆದ್ದರಿಂದ ಕೇಂದ್ರದಲ್ಲಿ ಇಟ್ಟುಕೊಂಡ ಸ್ವರ ಅಲುಗಬಾರದು. ಅದಕ್ಕೆ ಹೈಡ್ರೋಜನ್ ಮೇಸರ್ ಎಂಬ ಗಡಿಯಾರ ಬಳಸುತ್ತಾರೆ. ತನ್ನ ಒಳ್ಳೆಯ ನಡೆಯನ್ನು ಹಾಗೆಯೇ ಉಳಿಸಿಕೊಂಡರೆ ಕೋಟಿ ವರ್ಷಕ್ಕೆ ಒಂದು ಸೆಕೆಂಡೂ ತಪ್ಪದಂಥದ್ದು. ಅಂಥ ಭಾರಿ ಗಡಿಯಾರವನ್ನು ಸಣ್ಣ ನೌಕೆಯಲ್ಲಿ ಹೊತ್ತು ತಿರುಗುವುದು ಕಷ್ಟ. ಹಾಗಾಗಿ ಭೂಮಿಯೇ ಷಡ್ಜ ಕೊಡುತ್ತದೆ. ನೌಕೆ ಅದನ್ನು ಕೇಳಿಸಿಕೊಂಡು, ಅದಕ್ಕೆ ನಿಗದಿಯಾದ ಪ್ರಮಾಣದಲ್ಲಿರುವ ಇನ್ನೊಂದು ಸ್ವರವನ್ನು ತಿರುಗಿ ಹಾಡುತ್ತದೆ. ಆ ಪ್ರಮಾಣ 749ಕ್ಕೆ 880. ಶಿಷ್ಯ ಗುರುವಿನ ಷಡ್ಜ ಹಿಡಿದೇ ಹಾಡುವುದರಿಂದ ಶಿಷ್ಯನ ಗಡಿಯಾರ ಹೇಗಿದ್ದರೂ ನಡೆಯುತ್ತದೆ.

ಷಡ್ಜ ಕೊಡುವ ಇಂಥ ಕಿವಿಯೊಂದು ನಮ್ಮ ಕನ್ನಡ ನೆಲದಲ್ಲೂ ಇದೆ. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ಬ್ಯಾಲಾಳು ಗ್ರಾಮದಲ್ಲಿ ಇಸ್ರೋದ 32 ಮೀಟರ್ ಅಗಲದ ಆಂಟೆನಾ ಬೆಟ್ಟಗಳ ನಡುವಿನ ತಗ್ಗಿನಲ್ಲಿ ಬಾಯ್ದೆರೆದು ನಿಂತಿದೆ, ಪಕ್ಕದಲ್ಲಿ 18 ಮೀಟರಿನದೊಂದು. 2008ರ ಅಕ್ಟೋಬರ್ 22ರಂದು ಹಾರಿದ ಚಂದ್ರಯಾನ-1ಕ್ಕಾಗಿ ಕಟ್ಟಿದ್ದು. ಮಂಗಳಯಾನದ ದನಿಯನ್ನೂ ಅದೇ ಕೇಳಿತು. ಮೆಸೆಂಜರನ್ನು ಹಿಂಬಾಲಿಸಿದ್ದು ಅಮೆರಿಕದ ಜಾಲ, ಅಂದರೆ ಗೋಲ್ಡ್‌ಸ್ಟೋನ್, ಮ್ಯಾಡ್ರಿಡ್, ಕ್ಯಾನ್‌ಬೆರಾ ಕೇಂದ್ರಗಳು. ಕೆಲಸದ ಬಗೆ ಎಲ್ಲ ಕಡೆ ಒಂದೇ.

ಬ್ಯಾಲಾಳನ್ನೇ ಉದಾಹರಣೆಗೆ ಇಟ್ಟುಕೊಂಡು ಒಂದು ತೊಡಕು ಹೇಳುತ್ತೇನೆ. ಕೇಳುವ ಕಿವಿಯೇ ಓಡುತ್ತಿದ್ದರೆ? ಭೂಮಿ ತಿರುಗುವುದರಿಂದ ಬ್ಯಾಲಾಳು ಸೆಕೆಂಡಿಗೆ ಸುಮಾರು 450 ಮೀಟರ್ ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿದೆ, ಜತೆಗೆ ಭೂಮಿ ಸೂರ್ಯನನ್ನು ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿದೆ. ಚಂದ್ರ ಸೂರ್ಯರ ಸೆಳೆತಕ್ಕೆ ಗಟ್ಟಿ ನೆಲವೂ ದಿನಕ್ಕೆರಡು ಸಲ ಹತ್ತಾರು ಸೆಂಟಿಮೀಟರ್ ಉಬ್ಬಿ ಇಳಿಯುತ್ತದೆ. ಮಳೆಗಾಲದ ತೇವದ ಗಾಳಿ ಅಲೆಯನ್ನು ಕೊಂಚ ತಡೆಯುತ್ತದೆ. ಇವನ್ನೆಲ್ಲ ಒಂದೊಂದಾಗಿ ಲೆಕ್ಕ ಹಾಕಿ ಕಳೆದ ಮೇಲೆ ಉಳಿಯುವ ಚೂರೇ ಗ್ರಹದ ಗುಟ್ಟು. ಬುಧನ ವಿಷಯದಲ್ಲಿ ಇನ್ನೂ ಒಂದು ಕಷ್ಟ. ಅಲ್ಲಿ ಬಿಸಿಲು ನಮ್ಮಲ್ಲಿಗಿಂತ ಹನ್ನೊಂದು ಪಟ್ಟು ಪ್ರಖರವಾಗುವುದುಂಟು, ಆ ಬೆಳಕೇ ನೌಕೆಯನ್ನು ಮೆಲ್ಲಗೆ ತಳ್ಳುತ್ತದೆ. ಬಿಸಿಲಿನ ತಳ್ಳಾಟವನ್ನು ಗುರುತ್ವದ ಸೆಳೆತವೆಂದು ತಪ್ಪಾಗಿ ಓದಿಬಿಡಬಾರದು. ಸೂರ್ಯನ ಮಗ್ಗುಲಲ್ಲೇ ಹಾಯ್ದು ಬರುವ ಅಲೆಗೆ ಅಲ್ಲಿಯ ಬಿಸಿ ಅನಿಲ ಬೇರೆ ಗೊಗ್ಗರು ಸೇರಿಸುತ್ತದೆ.

ಇನ್ನು ನಕ್ಷೆ. ಸ್ವರದ ಪಟ್ಟಿಯಿಂದ ನೇರವಾಗಿ ನಕ್ಷೆ ಉದುರುವುದಿಲ್ಲ. ಮೊದಲು ಒಂದು ಊಹೆಯ ಬುಧನನ್ನು ಕಟ್ಟುತ್ತಾರೆ. ಅವನ ಸುತ್ತ ನೌಕೆ ಹೀಗೆ ಹೋದರೆ ಸ್ವರ ಹೀಗಿರಬೇಕು ಎಂದು ಗಣಕದಲ್ಲಿ ಲೆಕ್ಕ ಹಾಕುತ್ತಾರೆ. ಕೇಳಿದ ಸ್ವರವೂ ಲೆಕ್ಕದ ಸ್ವರವೂ ಕೂಡುವುದಿಲ್ಲ, ತೂಗಾಟ ಉಳಿಯುತ್ತದೆ. ಮಣಿ ಸರಿಸುತ್ತಾರೆ, ಅಂದರೆ ಊಹೆಯ ಬುಧನನ್ನು ತಿದ್ದುತ್ತಾರೆ. ಮತ್ತೆ ಲೆಕ್ಕ, ಮತ್ತೆ ತಿದ್ದುಪಡಿ. ಒಂದೆರಡು ಮಣಿಯಲ್ಲ, ಸಾವಿರಾರು. ತಂಬೂರಿಯ ಒಂದೇ ತಂತಿಯ ನಾದದಲ್ಲಿ ಮೂಲಸ್ವರದ ಜತೆ ಅದರ ಎರಡರಷ್ಟು, ಮೂರರಷ್ಟು ಕಂಪನದ ಉಪಸ್ವರಗಳು ಕೂಡಿರುತ್ತವಷ್ಟೆ? ಗ್ರಹದ ಗುರುತ್ವವನ್ನೂ ಹಾಗೆಯೇ ಮೆಟ್ಟಿಲು ಮೆಟ್ಟಿಲಾಗಿ ಬಿಡಿಸುತ್ತಾರೆ. ಎರಡನೆಯ ಮೆಟ್ಟಿಲಿನಲ್ಲಿ ಧ್ರುವಗಳ ಚಪ್ಪಟೆತನ, ಮೂರನೆಯದರಲ್ಲಿ ಉತ್ತರ ದಕ್ಷಿಣಗಳ ತಾರತಮ್ಯ, ಹೀಗೆ ಮೇಲೆ ಹೋದಷ್ಟೂ ಸಣ್ಣ ಸಣ್ಣ ಉಬ್ಬುತಗ್ಗು. 1959ರಲ್ಲಿ ವ್ಯಾನ್‌ಗಾರ್ಡ್-1 ಉಪಗ್ರಹದ ಕಕ್ಷೆ ನೋಡಿ, ಭೂಮಿ ಕೊಂಚ ಪಿಯರ್ ಹಣ್ಣಿನಂತಿದೆ ಎಂದು ಹೇಳಿದ್ದು ಈ ಮೂರನೆಯ ಮೆಟ್ಟಿಲಿನಿಂದ. ಬುಧನ ಮೊದಲ ನಕ್ಷೆ 20 ಮೆಟ್ಟಿಲಿನದು, ಅಂದರೆ 441 ಅಂಕಿಗಳು. ಮುಂದೆ 50 ಮೆಟ್ಟಿಲು, ಆಮೇಲೆ 100. ನೂರಕ್ಕೆ ಹೋದರೆ ಹತ್ತು ಸಾವಿರಕ್ಕೂ ಹೆಚ್ಚು ಅಂಕಿಗಳನ್ನು ಒಟ್ಟಿಗೆ ಶ್ರುತಿ ಮಾಡಬೇಕು.

ಆ ನಕ್ಷೆಯ ಚಿತ್ರವನ್ನು ಮಕ್ಕಳ ಮುಂದೆ ಇಟ್ಟಾಗ ಅದೇ ಹುಡುಗಿ ಮತ್ತೆ ಕೇಳಿದಳು: “ಸರ, ಮ್ಯಾಲಿನ ಅರ್ಧದಾಗ ಇಷ್ಟೆಲ್ಲ ಬಣ್ಣ ಅದಾವ, ಕೆಳಗಿನ ಅರ್ಧ ಯಾಕ ಮಸಕ್ ಐತ್ರಿ?”

ಎಷ್ಟು ಒಳ್ಳೆಯ ಪ್ರಶ್ನೆ! ಈ ವಿದ್ಯೆಯ ತಿರುಳೇ ಅದರಲ್ಲಿದೆ. ದೂರ ಹೋದಂತೆ ಗ್ರಹದ ಒಟ್ಟು ಸೆಳೆತ ನಿಧಾನವಾಗಿ ಕಡಿಮೆಯಾಗುತ್ತದೆ, ಆದರೆ ಸಣ್ಣ ವಿವರದ ಸೆಳೆತ ಬಹಳ ಬೇಗ ಮಾಯವಾಗುತ್ತದೆ. ಕಂಬಳಿಯ ನೇಯ್ಗೆ ಕೈಯಲ್ಲಿ ಹಿಡಿದಾಗ ಕಾಣುತ್ತದೆ, ಅಂಗಳದಾಚೆಯಿಂದ ಬರೀ ಕರಿಬಣ್ಣ. ಅಂಕಿಯಲ್ಲಿ ಹೇಳುವುದಾದರೆ, 200 ಕಿಲೋಮೀಟರಿಗೊಮ್ಮೆ ಏರಿಳಿಯುವ ಒಂದು ವಿವರವಿದೆ ಎನ್ನಿ. ನೂರು ಕಿಲೋಮೀಟರ್ ಎತ್ತರದಲ್ಲಿ ಅದರ ಬಲ ನೆಲದ ಮೇಲಿದ್ದುದರ 23ರಲ್ಲಿ ಒಂದು ಪಾಲು. ಇನ್ನೊಂದು ನೂರು ಕಿಲೋಮೀಟರ್ ಏರಿದರೆ 500ರಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಮೆಸೆಂಜರ್ ಕೆಳಗೆ ಬರುತ್ತಿದ್ದುದು ಉತ್ತರಾರ್ಧದ ಮೇಲೆ. ದಕ್ಷಿಣವನ್ನು ಅದು ದಾಟುತ್ತಿದ್ದುದು ಸಾವಿರಾರು ಕಿಲೋಮೀಟರ್ ಎತ್ತರದಲ್ಲಿ. ಆದ್ದರಿಂದ ಮಸುಕು.

ಕೆಳಗಿಳಿಯದೆ ಕಾಣುವುದಿಲ್ಲ, ಇಳಿದರೆ ಬೀಳುವ ಭಯ. ಚಂದ್ರನ ಬಳಿ ಇದು ತೀರಾ ನಿಜವಾಯಿತು. 1968ರಲ್ಲಿ ಪಾಲ್ ಮುಲ್ಲರ್ ಮತ್ತು ವಿಲಿಯಂ ಶೋಗ್ರೆನ್ ಲೂನಾರ್ ಆರ್ಬಿಟರ್ ನೌಕೆಗಳ ಸ್ವರ ಪರೀಕ್ಷಿಸಿ, ಚಂದ್ರನ ದುಂಡನೆಯ ಕರಿ ಬಯಲುಗಳ ಅಡಿಯಲ್ಲಿ ಭಾರದ ಗಂಟುಗಳಿವೆ ಎಂದು ತೋರಿಸಿದರು. 1972ರ ಏಪ್ರಿಲಿನಲ್ಲಿ ಅಪೋಲೊ-16ರವರು ಬಿಟ್ಟುಬಂದ ಪುಟ್ಟ ಉಪಗ್ರಹ ಒಂದು ವರ್ಷಕ್ಕೂ ಹೆಚ್ಚು ಸುತ್ತಬೇಕಿತ್ತು. ಈ ಗಂಟುಗಳ ಎಳೆದಾಟಕ್ಕೆ ಸಿಕ್ಕು ಐದೇ ವಾರದಲ್ಲಿ ನೆಲಕ್ಕೆ ಬಿತ್ತು. ನಮ್ಮ ಚಂದ್ರಯಾನ-2ರ ಆರ್ಬಿಟರ್ 100 ಕಿಲೋಮೀಟರ್ ಎತ್ತರದಲ್ಲಿ ಉಳಿಯಬೇಕಾದರೆ ಅದರ ಹಾದಿಯನ್ನು ಆಗಾಗ ತಿದ್ದುತ್ತಿರಬೇಕಾದದ್ದೂ ಅದೇ ಕಾರಣಕ್ಕೆ. ಚಂದ್ರನ ಆಚೆ ಬದಿ ನಮಗೆ ಎಂದೂ ಕಾಣುವುದಿಲ್ಲವಾದ್ದರಿಂದ ಅಲ್ಲಿಯ ಸ್ವರ ಕೇಳುವುದೇ ಕಷ್ಟವಿತ್ತು. ಜಪಾನಿನ ಕಗುಯಾ ಜತೆಯಲ್ಲೊಂದು ದನಿ ದಾಟಿಸುವ ಉಪಗ್ರಹ ಒಯ್ದು ಆ ಕೊರತೆ ನೀಗಿತು. 2012ರಲ್ಲಿ ಗ್ರೇಲ್‌ನ ಅವಳಿ ನೌಕೆಗಳು ಒಂದರ ಹಿಂದೊಂದು ಹಾರಿ, ಪರಸ್ಪರರ ಅಂತರವನ್ನೇ ಅಳೆದುಕೊಂಡು ಅತ್ಯಂತ ಸ್ಪಷ್ಟ ನಕ್ಷೆ ಬರೆದವು.

ಭಾರದ ಗಂಟು ಬರುವುದೆಲ್ಲಿಂದ? ದೊಡ್ಡ ಬಂಡೆ ಬಂದು ಅಪ್ಪಳಿಸಿದಾಗ ಮೇಲಿನ ಹಗುರ ಪದರ ಹಾರಿಹೋಗಿ, ಆಳದ ಭಾರದ ಕಲ್ಲು ಮೇಲಕ್ಕೆ ಉಬ್ಬುತ್ತದೆ. ಎಷ್ಟೋ ಕಡೆ ಆಮೇಲೆ ಲಾವಾ ಹರಿದು ಹಳ್ಳ ತುಂಬುತ್ತದೆ. ಲಾವಾ ಆರಿದರೆ ಏನಾಗುತ್ತದೆಂದು ನಮಗೆ ಯಾರೂ ಹೇಳಬೇಕಿಲ್ಲ. ಬುಧಗಾಂವದಲ್ಲಿ ಬಾವಿ ತೋಡಿಸಿದವರೆಲ್ಲ ಆ ಕರಿಕಲ್ಲನ್ನು ಹೊತ್ತವರೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನಲ್ಲಿ ಹರಿದ ಲಾವಾ ಅದು. ಚಂದ್ರನ ಕರಿ ಬಯಲುಗಳೂ ಅದೇ ಬಸಾಲ್ಟ್ ಜಾತಿಯವು. ಬುಧನಲ್ಲಿ ಸುಮಾರು 1,550 ಕಿಲೋಮೀಟರ್ ಅಗಲದ ಕಲೋರಿಸ್ ಎಂಬ ಬೋಗುಣಿಯಿದೆ; ಅದರ ಮೇಲೆ ಹಾಯುವಾಗ ಮೆಸೆಂಜರಿನ ವೇಗದಲ್ಲಿ ಇಂಥ ಗಂಟಿನ ಗುರುತು ಸಿಕ್ಕಿತು. ಬುಧನ ಕುಳಿಗಳಿಗೆ ಕಲಾವಿದರ, ಸಂಗೀತಗಾರರ, ಕವಿಗಳ ಹೆಸರಿಡುವ ರೂಢಿ. ಅಲ್ಲಿ ತ್ಯಾಗರಾಜರ ಹೆಸರಿನ ಕುಳಿಯಿದೆ, ಕಾಳಿದಾಸನದಿದೆ, ವಾಲ್ಮೀಕಿಯದಿದೆ. ತಂಬೂರಿಯ ಉಪಮೆ ಹಿಡಿದು ಇಲ್ಲಿಯವರೆಗೆ ಬಂದ ನನಗೆ ಇದು ತುಂಬ ಸಂತೋಷದ ಸಂಗತಿ.

ಈಗ ಹೊಟ್ಟೆಯ ಕಬ್ಬಿಣ. ಬುಧನ ಸರಾಸರಿ ಸಾಂದ್ರತೆ ನೀರಿನ 5.4 ಪಟ್ಟು, ಭೂಮಿಯದು 5.5. ಭೂಮಿ ತನ್ನ ಭಾರಕ್ಕೇ ಒಳಗೆ ಅಡಕವಾಗಿದೆ. ಪುಟ್ಟ ಬುಧನಿಗೆ ಆ ಅನುಕೂಲವಿಲ್ಲ. ಆದರೂ ಅಷ್ಟು ಭಾರವೆಂದರೆ ಒಳಗೆ ಕಬ್ಬಿಣ ತುಂಬಿರಲೇಬೇಕು. ಆದರೆ ಎಷ್ಟು ದೊಡ್ಡ ಗಡ್ಡೆ, ಗಟ್ಟಿಯೋ ದ್ರವವೋ? ಹಸಿ ಮೊಟ್ಟೆ, ಬೇಯಿಸಿದ ಮೊಟ್ಟೆ ಎರಡನ್ನೂ ಮೇಜಿನ ಮೇಲೆ ತಿರುಗಿಸಿ ನೋಡಿ. ಬೆಂದದ್ದು ಒಂದೇ ಗಟ್ಟಿಯಾಗಿ ತಿರುಗುತ್ತದೆ. ಹಸಿಯದರಲ್ಲಿ ಸಿಪ್ಪೆ ಒಂದು ಕಡೆ, ಒಳಗಿನ ರಸ ಒಂದು ಕಡೆ. 2007ರಲ್ಲಿ ಜಾನ್-ಲುಕ್ ಮಾರ್ಗೊ ಮತ್ತು ಸಂಗಡಿಗರು ಭೂಮಿಯಿಂದಲೇ ರೇಡಾರ್ ಅಲೆ ಬಿಟ್ಟು, ಬುಧ ತಿರುಗುವಾಗ ಅವನ ಹೊರಚಿಪ್ಪು ಸೂರ್ಯನ ಸೆಳೆತಕ್ಕೆ ಹಿಂದೆಮುಂದೆ ತೊನೆಯುವುದನ್ನು ಅಳೆದರು. ಸಮಭಾಜಕದಲ್ಲಿ ಆ ತೊನೆತ ನಾನೂರು ಮೀಟರಿಗೂ ಹೆಚ್ಚು. ಇಡೀ ಗ್ರಹ ಗಟ್ಟಿಯಾಗಿದ್ದರೆ ಇಷ್ಟು ತೊನೆಯುತ್ತಿರಲಿಲ್ಲ. ಚಿಪ್ಪು ದ್ರವದ ಮೇಲೆ ತೇಲುತ್ತಿದೆ. ಈ ತೊನೆತವನ್ನು ಗುರುತ್ವ ನಕ್ಷೆಯ ಎರಡನೆಯ ಮೆಟ್ಟಿಲಿನ ಅಂಕಿಗಳ ಜತೆ ಸೇರಿಸಿದಾಗ ಕಬ್ಬಿಣದ ಗಡ್ಡೆಯ ತ್ರಿಜ್ಯ ಸುಮಾರು 2,020 ಕಿಲೋಮೀಟರ್ ಎಂದು ಬಂತು. ಗ್ರಹದ ತ್ರಿಜ್ಯವೇ 2,440. ಮಾವಿನ ಹಣ್ಣಿನ ಬದಲು ಓಟೆಯೇ ಹಣ್ಣಾದಂತೆ. 2019ರಲ್ಲಿ ಮೆಸೆಂಜರಿನ ಕೊನೆಯ ವರ್ಷಗಳ ಸ್ವರವನ್ನು ಮತ್ತೆ ತೂಗಿ ನೋಡಿದ ಆಂತೋನಿಯೊ ಜೆನೊವಾ ತಂಡ, ಆ ದ್ರವದ ನಡುವೆ ಗಟ್ಟಿ ತಿರುಳೂ ಇರುವ ಸೂಚನೆ ಕಂಡಿತು.

ಆ ಕೊನೆಯ ವರ್ಷಗಳ ಸ್ವರ ಅಷ್ಟು ಬೆಲೆಯುಳ್ಳದ್ದಾಗಲು ಕಾರಣ ನೌಕೆ ಕೆಳಗಿಳಿದದ್ದು. 2014ರಿಂದ ಅದರ ಹಾದಿಯ ತಳ ಕೆಲವೊಮ್ಮೆ 25 ಕಿಲೋಮೀಟರಿಗೂ ಬಂತು. ಇಂಧನ ಮುಗಿದಿತ್ತು. ಇಂಧನವನ್ನು ಒತ್ತಲೆಂದು ತುಂಬಿದ್ದ ಹೀಲಿಯಂ ಅನಿಲವನ್ನೇ ಹೊರಬಿಟ್ಟು, ಬೀಳುವುದನ್ನು ಇನ್ನಷ್ಟು ವಾರ ಮುಂದೂಡಿದರು. 2015ರ ಏಪ್ರಿಲ್ 30ರಂದು ಅದು ಬುಧನ ನೆಲಕ್ಕೆ ಅಪ್ಪಳಿಸಿತು, ನಮಗೆ ಕಾಣದ ಬದಿಯಲ್ಲಿ. ಕೇಂದ್ರದಲ್ಲಿ ತಿಳಿದದ್ದು ಬರಬೇಕಾದ ಹೊತ್ತಿಗೆ ಸ್ವರ ಬಾರದೆ ಹೋದದ್ದರಿಂದ.

ದಕ್ಷಿಣದ ಮಸುಕು ಹಾಗೇ ಉಳಿಯಿತು. ಯುರೋಪ್ ಮತ್ತು ಜಪಾನ್ ಸೇರಿ 2018ರ ಅಕ್ಟೋಬರ್ 20ರಂದು ಕಳಿಸಿದ ಬೆಪಿಕೊಲಂಬೊ, 2026ರ ನವೆಂಬರಿನಲ್ಲಿ ಬುಧನ ಕಕ್ಷೆ ಸೇರಬೇಕೆಂಬ ಯೋಜನೆಯಿದೆ. ಅದರ ಗ್ರಹವೀಕ್ಷಕ ನೌಕೆಯ ಹಾದಿ ಅಷ್ಟೇನೂ ಉದ್ದನೆಯದಲ್ಲ, ದೂರ ಹೋದರೂ 1,500 ಕಿಲೋಮೀಟರ್. ದಕ್ಷಿಣದ ಮೇಲೂ ಅದು ತಗ್ಗಿನಲ್ಲೇ ಹಾಯುತ್ತದೆ. ಬಿಸಿಲಿನ ತಳ್ಳಾಟವನ್ನು ನೇರವಾಗಿ ಅಳೆದು ಕಳೆಯಲು ಇಟಲಿಯವರು ಮಾಡಿದ ವೇಗೋತ್ಕರ್ಷಮಾಪಕ ಅದರ ಮೇಲಿದೆ. ಸೂರ್ಯನ ಗೊಗ್ಗರು ದಾಟಿ ಬರಲೆಂದು ಅದು ಎರಡು ಬೇರೆ ಬೇರೆ ಪಟ್ಟಿಯಲ್ಲಿ ಷಡ್ಜ ಹಿಡಿಯುತ್ತದೆ. ನಮ್ಮ ಹುಡುಗಿ ಮೆಸೆಂಜರಿನ ಆ ನಕ್ಷೆಯ ಕೆಳಗಿನ ಅರ್ಧದ ಮೇಲೆ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಮನೆಪಾಠದ ಕೋಣೆಯ ಗೋಡೆಗೆ ಅಂಟಿಸಿದ್ದಾಳೆ.